ಮೂರು ನಾಲ್ಕು, ಮೂರು ನಾಲ್ಕು: ಷಟ್ಪದಿಯನ್ನು ಕಿವಿಯಿಂದ ಅಳೆಯುವ ಬಗೆ

ಹೈಸ್ಕೂಲಿನ ವ್ಯಾಕರಣ ಪುಸ್ತಕದಲ್ಲಿ ಛಂದಸ್ಸಿಗೆ ಸಿಗುವುದು ಕೊನೆಯ ಪುಟಗಳು. ಪ್ರಸ್ತಾರ ಹಾಕು, ಗಣ ವಿಂಗಡಿಸು, ಛಂದಸ್ಸಿನ ಹೆಸರು ಬರೆ, ಅಂಕ ತಗೋ. ಅಷ್ಟಕ್ಕೇ ಬಿಟ್ಟುಬಿಡುವುದರಿಂದ ಒಂದು ಸ್ವಾರಸ್ಯ ನಮ್ಮ ಕೈತಪ್ಪುತ್ತದೆ. ಮನೆಯಲ್ಲಿ ಆಡುವ ಕನ್ನಡವೇ ಬೇರೆ, ಪದ್ಯದಲ್ಲಿ ಕಾಣುವ ಕನ್ನಡವೇ ಬೇರೆ ಅನ್ನಿಸುವುದು ಏಕೆ ಎಂಬುದಕ್ಕೆ ಉತ್ತರದ ಒಂದು ಭಾಗ ಈ ಲೆಕ್ಕದಲ್ಲೇ ಇದೆ.

ಲೆಕ್ಕದ ನಿಯಮ ಬೆರಳೆಣಿಕೆಯಷ್ಟು. ಹ್ರಸ್ವಾಕ್ಷರ ಲಘು, ಒಂದು ಮಾತ್ರೆ. ದೀರ್ಘಾಕ್ಷರ ಗುರು, ಎರಡು ಮಾತ್ರೆ. ಅನುಸ್ವಾರ, ವಿಸರ್ಗ ಇರುವ ಅಕ್ಷರ ಹ್ರಸ್ವವಾದರೂ ಗುರುವೇ. ಒತ್ತಕ್ಷರದ ಹಿಂದಿನ ಅಕ್ಷರವೂ ಗುರು. ಇಲ್ಲೇ ಹುಡುಗರು ಎಡವುವುದು: ಒತ್ತು ಇರುವ ಅಕ್ಷರಕ್ಕೇ ಗುರು ಹಾಕುತ್ತಾರೆ. ಹಾಕಬೇಕಾದದ್ದು ಅದರ ಹಿಂದಿನದಕ್ಕೆ. ಕಣ್ಣಿನಿಂದ ನೋಡಿದರೆ ಇದು ವಿಚಿತ್ರ, ಬಾಯಿಬಿಟ್ಟು ಹೇಳಿದರೆ ಸಹಜ. ‘ನಮ್ಮ’ ಅನ್ನುವಾಗ ನಾಲಗೆ ತಡೆಯುವುದು ‘ನ’ದಲ್ಲೇ. ಸಾಲಿನ ಕೊನೆಯ ಲಘುವನ್ನು ಬೇಕಾದರೆ ಗುರುವೆಂದು ಎಣಿಸಬಹುದು.

ಈಗ ಭಾಮಿನಿ ಷಟ್ಪದಿಗೆ ಬರೋಣ. ಆರು ಸಾಲು. ಒಂದು, ಎರಡು, ನಾಲ್ಕು, ಐದನೆಯ ಸಾಲುಗಳು ಸಮ: ಮೂರು, ನಾಲ್ಕು, ಮೂರು, ನಾಲ್ಕು ಮಾತ್ರೆಗಳ ಗಣಗಳು, ಒಟ್ಟು 14. ಮೂರನೆಯ ಮತ್ತು ಆರನೆಯ ಸಾಲು ಅದರ ಒಂದೂವರೆಪಟ್ಟು, ಮೇಲೊಂದು ಗುರು: 23 ಮಾತ್ರೆ. ಇಡೀ ಪದ್ಯಕ್ಕೆ 102. ಪಾಠಕ್ಕೆಂದು ನಾನೇ ಹೊಸೆದ ಅರ್ಧ ಷಟ್ಪದಿ ಇಲ್ಲಿದೆ. ಕಾವ್ಯವೆಂದು ಓದಬೇಡಿ, ಅಳತೆಯ ಮಾದರಿ ಅಷ್ಟೇ:

ಮಳೆಯು ಬಂದಿತು ನಮ್ಮ ಹೊಲಕೂ
ಎಳೆಯ ಪೈರಿಗೆ ಜೀವ ಕೂಡಿತು
ಕಳೆಯ ಕೀಳುವ ಕೈಗೆ ಬಿಡುವಿನ ಗಳಿಗೆ ದೊರಕದಲಾ

ತೊಡೆಯ ಮೇಲೆ ತಾಳ ಹಾಕುತ್ತಾ ಓದಿ. ‘ಮಳೆಯು’ ಮೂರು ಲಘು. ‘ಬಂದಿತು’ವಿನಲ್ಲಿ ‘ಬಂ’ ಗುರು, ಉಳಿದೆರಡು ಲಘು, ನಾಲ್ಕಾಯಿತು. ‘ನಮ್ಮ’ ಮೂರು. ‘ಹೊಲಕೂ’ ನಾಲ್ಕು. ಮೂರನೆಯ ಸಾಲಿನಲ್ಲಿ ಇದೇ ಓಟ ಮೂರು ಸಲ ನಡೆದು, ಕೊನೆಯ ‘ಲಾ’ ಗುರುವಿನ ಮೇಲೆ ನಿಲ್ಲುತ್ತದೆ. ಸಾಲುಗಳ ಎರಡನೆಯ ಅಕ್ಷರ ಮೂರೂ ಕಡೆ ‘ಳೆ’. ಇದೇ ಆದಿಪ್ರಾಸ. ಸ್ವರ ಬದಲಾದರೂ ನಡೆಯುತ್ತದೆ, ವ್ಯಂಜನ ಬದಲಾಗುವಂತಿಲ್ಲ. ಮೊದಲ ಅಕ್ಷರ ಒಂದು ಸಾಲಿನಲ್ಲಿ ಲಘುವಾದರೆ ಎಲ್ಲ ಸಾಲಿನಲ್ಲೂ ಲಘುವೇ ಆಗಬೇಕು.

ಇನ್ನು ಸಾಲನ್ನು ಸ್ವಲ್ಪ ಕೆಡಿಸಿ ನೋಡೋಣ. ದಿನನಿತ್ಯ ನಾವು ಅನ್ನುವುದು ‘ಮಳೆ ಬಂತು’ ಎಂದು. ‘ಬಂತು’ ಮೂರೇ ಮಾತ್ರೆ, ಸಾಲು ಕುಂಟುತ್ತದೆ. ‘ಹೊಲಕ್ಕೂ’ ಎಂದು ಸರಿಯಾಗಿ ಬರೆದರೆ ಒತ್ತಿನಿಂದಾಗಿ ‘ಲ’ ಗುರುವಾಗಿ ಐದು ಮಾತ್ರೆ, ಸಾಲು ಉಕ್ಕುತ್ತದೆ. ಆದ್ದರಿಂದ ಒಂದು ಕಡೆ ಮಾತನ್ನು ಹಿಗ್ಗಿಸಬೇಕಾಯಿತು, ಇನ್ನೊಂದು ಕಡೆ ಒತ್ತನ್ನು ಕಳಚಬೇಕಾಯಿತು. ಮನೆಯಲ್ಲಿ ಎಂಬುದು ಪದ್ಯದಲ್ಲಿ ‘ಮನೆಯಲಿ’ ಆಗುವುದೂ, ಅದಕ್ಕೆ ಎಂಬುದು ‘ಅದಕೆ’ ಆಗುವುದೂ ಹೀಗೆಯೇ. ಕಾವ್ಯಭಾಷೆ ಎಂದು ನಾವು ಗೌರವದಿಂದ ಕರೆಯುವ ಎಷ್ಟೋ ರೂಪಗಳನ್ನು ಉಳಿಸಿ ಬೆಳೆಸಿದ್ದು ಈ ಒಂದೆರಡು ಮಾತ್ರೆಗಳ ಒತ್ತಾಯ. ಹಳಗನ್ನಡದವರು ಇನ್ನೂ ಸೂಕ್ಷ್ಮ: ‘ಅಮರ್ದು’ವಿನಂಥ ಪದಗಳಲ್ಲಿ ಒತ್ತಿನ ಹಿಂದಿನ ಅಕ್ಷರವನ್ನು ತೇಲಿಸಿ ಉಚ್ಚರಿಸಿ, ಲಘುವಾಗಿಯೇ ಉಳಿಸಿಕೊಳ್ಳುತ್ತಿದ್ದರು. ಅದಕ್ಕೆ ಶಿಥಿಲದ್ವಿತ್ವ ಎಂದು ಹೆಸರು. 13ನೆಯ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಇದನ್ನು ವ್ಯಾಕರಣದ ಮಾತಾಗಿಯೇ ಚರ್ಚಿಸಿದ್ದಾನೆ.

ಆದರೆ ಮಾತ್ರೆ ಎಣಿಸುವುದು ಕನ್ನಡದ ಮೂಲಪದ್ಧತಿಯಲ್ಲ. ಹಲ್ಮಿಡಿ ಶಾಸನ, ಸುಮಾರು ಕ್ರಿ.ಶ. 450ರದು, ಆರಂಭದ ಸಂಸ್ಕೃತ ಶ್ಲೋಕ ಬಿಟ್ಟರೆ ಗದ್ಯ. ಬಾದಾಮಿಯ ಬಂಡೆಯ ಮೇಲಿರುವ ಕಪ್ಪೆ ಅರಭಟ್ಟನ ಶಾಸನ, ಸುಮಾರು 700ರದು, ತ್ರಿಪದಿಯನ್ನು ನಮ್ಮ ಮುಂದಿಡುತ್ತದೆ. ತ್ರಿಪದಿ ಅಂಶಗಣದ ಛಂದಸ್ಸು. ಇಲ್ಲಿ ಗುರುವೂ ಒಂದು ಅಂಶ, ಲಘುವೂ ಒಂದು ಅಂಶ. ಗಣದ ಮೊದಲಲ್ಲಿ ಮಾತ್ರ ಗುರು ಇಲ್ಲದಿದ್ದರೆ ಎರಡು ಲಘು ಸೇರಿ ಒಂದು ಅಂಶ. ಎರಡು ಅಂಶವಾದರೆ ಬ್ರಹ್ಮಗಣ, ಮೂರಾದರೆ ವಿಷ್ಣುಗಣ, ನಾಲ್ಕಾದರೆ ರುದ್ರಗಣ. ‘ಅಣ್ಣಯ್ಯ’ ಐದು ಮಾತ್ರೆ, ‘ತಮ್ಮನ’ ನಾಲ್ಕು. ಎರಡೂ ವಿಷ್ಣುಗಣವೇ. ಕೊರತೆ ಬಿದ್ದ ಮಾತ್ರೆಯನ್ನು ಹಾಡುವವರ ರಾಗ ತುಂಬಿಕೊಡುತ್ತದೆ. ತ್ರಿಪದಿಯ 11 ಗಣಗಳಲ್ಲಿ ಆರನೆಯದು ಮತ್ತು ಹತ್ತನೆಯದು ಬ್ರಹ್ಮ, ಮಿಕ್ಕವೆಲ್ಲ ವಿಷ್ಣು. ಬೀಸುವ ಕಲ್ಲಿನ ಮುಂದೆ ಹಾಡಿದ ಗರತಿಗೆ ಈ ಸಂಖ್ಯೆ ಯಾರೂ ಹೇಳಿಕೊಟ್ಟಿರಲಿಲ್ಲ. ಸರ್ವಜ್ಞನೂ ಇದೇ ಮಟ್ಟಿಗೆ ಒಲಿದವನು.

ಆಸ್ಥಾನದ ಕವಿಗಳ ದಾರಿ ಬೇರೆ. ಸುಮಾರು 850ರ ‘ಕವಿರಾಜಮಾರ್ಗ’ದ ಶ್ರೀವಿಜಯ ಸಂಸ್ಕೃತದ ದಂಡಿಯನ್ನು ಮುಂದಿಟ್ಟುಕೊಂಡೇ ಕನ್ನಡಕ್ಕೆ ಹೊಂದುವುದು ಯಾವುದು, ಹೊಂದದ್ದು ಯಾವುದು ಎಂದು ವಿಂಗಡಿಸಿದ. ಚತ್ತಾಣ, ಬೆದಂಡೆ ಎಂಬ ದೇಸೀ ಕಾವ್ಯರೂಪಗಳ ಹೆಸರು ಉಳಿದಿರುವುದು ಅವನ ದಯೆಯಿಂದ. ತಿರುಳ್ಗನ್ನಡದ ನಾಡು ಯಾವುದೆಂದೂ ಅವನು ಗುರುತಿಸಿದ: ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದ. ಇಂದಿನ ಪಟ್ಟದಕಲ್ಲು, ಕೊಪ್ಪಳ, ಲಕ್ಷ್ಮೇಶ್ವರಗಳ ಸೀಮೆ. 941ರ ಹೊತ್ತಿಗೆ ಪಂಪ ಚಂಪೂವಿನಲ್ಲಿ ಬರೆದಾಗ ಅವನ ಕೈಯಲ್ಲಿ ಸಂಸ್ಕೃತದಿಂದ ಬಂದ ವೃತ್ತಗಳೂ ಇದ್ದವು, ಪ್ರಾಕೃತದಿಂದ ಬಂದ ಕಂದವೂ ಇತ್ತು. ಕಂದ ಮೊದಲಿಗೆ ಸಲೀಸಾಗಿ ಕಂಡರೂ ಕಟ್ಟುನಿಟ್ಟಿನದು. 12, 20, 12, 20 ಎಂದು 64 ಮಾತ್ರೆ. ಪ್ರತಿ ಅರ್ಧದ ಆರನೆಯ ಗಣ ಲಘು-ಗುರು-ಲಘು ಇರಬೇಕು ಅಥವಾ ನಾಲ್ಕೂ ಲಘು ಇರಬೇಕು. ಒಂದು, ಮೂರು, ಐದು, ಏಳರಲ್ಲಿ ಲಘು-ಗುರು-ಲಘು ತಲೆಹಾಕುವಂತಿಲ್ಲ.

ಈ ಎರಡು ದಾರಿಗಳ ನಡುವೆ ಬೆಳೆದದ್ದು ಷಟ್ಪದಿ, ಮತ್ತು ಕನ್ನಡ ಛಂದಸ್ಸಿನ ಅತಿ ಜಾಣ ಬೆಳೆ ಅದೇ ಎಂಬುದು ನನ್ನ ತೀರ್ಮಾನ. ಸುಮಾರು 990ರ ‘ಛಂದೋಂಬುಧಿ’ಯಲ್ಲಿ ನಾಗವರ್ಮ ವರ್ಣಿಸುವ ಷಟ್ಪದಿ ಇನ್ನೂ ಅಂಶಗಣದ್ದು: ಗಿಡ್ಡ ಸಾಲಿಗೆ ಎರಡು ವಿಷ್ಣುಗಣ, ಉದ್ದ ಸಾಲಿನ ತುದಿಗೆ ಒಂದು ರುದ್ರಗಣ. ಮುಂದೆ ಹಾಡಿನ ಸಡಿಲ ಅಳತೆ ಓದಿನ ಖಚಿತ ಅಳತೆಯಾಗಿ ಗಟ್ಟಿಗೊಂಡಿತು. ಶರ, ಕುಸುಮ, ಭೋಗ, ಭಾಮಿನಿ, ಪರಿವರ್ಧಿನಿ, ವಾರ್ಧಕ ಎಂದು ಆರು ಬಗೆಯಾಯಿತು. ರಾಘವಾಂಕ ಹರಿಶ್ಚಂದ್ರನ ಕತೆಯನ್ನು ವಾರ್ಧಕದಲ್ಲಿ ಹೇಳಿದ. ಐದೈದು ಮಾತ್ರೆಯ ಆ ಭಾರದ ನಡಿಗೆಯನ್ನೇ ಲಕ್ಷ್ಮೀಶನೂ ‘ಜೈಮಿನಿ ಭಾರತ’ಕ್ಕೆ ಆರಿಸಿಕೊಂಡ. ಗದುಗಿನ ಕುಮಾರವ್ಯಾಸ ಭಾಮಿನಿ ಹಿಡಿದ. ಗಮಕಿಗಳೂ ಯಕ್ಷಗಾನದ ಭಾಗವತರೂ ಭಾಮಿನಿಯನ್ನು ಇಂದಿಗೂ ಬಿಟ್ಟಿಲ್ಲ. ಅರ್ಥ ಪೂರ್ತಿ ಹತ್ತದಿದ್ದರೂ ಕೇಳುವವರು ತಲೆದೂಗುವುದಕ್ಕೆ ಮೂರು-ನಾಲ್ಕರ ಓಟವೇ ಸಾಕು.

ಆಮೇಲಿನದು ಹತ್ತಿರದ ಚರಿತ್ರೆ. ಗೋವಿಂದ ಪೈ 1911ರಲ್ಲಿ ಆದಿಪ್ರಾಸ ಬಿಟ್ಟರು, ಬಿ.ಎಂ. ಶ್ರೀಕಂಠಯ್ಯ ಅವೇ ಮಾತ್ರಾಗಣಗಳನ್ನು ಹೊಸ ಸಾಲುಗಳಲ್ಲಿ ಜೋಡಿಸಿದರು. ಪ್ರಾಸ ಹೋಯಿತು, ಲಯ ಹೋಗಲಿಲ್ಲ.

ಕುಮಾರವ್ಯಾಸನ ಯಾವ ಪುಟವಾದರೂ ಸರಿ, ಇವತ್ತೇ ತೆರೆದು ಒಂದು ಪದ್ಯಕ್ಕೆ ಗೆರೆ ಹಾಕಿ ನೋಡಿ. ಪೆನ್ಸಿಲ್ ಹಿಡಿಯುವ ಮೊದಲು ಎರಡು ಸಲ ಗಟ್ಟಿಯಾಗಿ ಓದಿ, ಗಣಗಳು ತಾವೇ ಒಡೆಯುತ್ತವೆ. ಲೆಕ್ಕ ಕೂಡದಿದ್ದರೆ ಮೊದಲು ನಿಮ್ಮ ಒತ್ತಕ್ಷರದ ಗುರುವನ್ನು ಪರೀಕ್ಷಿಸಿ, ಆಮೇಲೆ ಅಚ್ಚಿನ ತಪ್ಪನ್ನು ಹುಡುಕಿ. ತಾಳೆಗರಿಯ ಪ್ರತಿಗಳನ್ನು ಪರಿಷ್ಕರಿಸುವ ಸಂಪಾದಕರೂ, ಎರಡು ಪಾಠಗಳ ನಡುವೆ ಯಾವುದು ಸರಿ ಎಂಬ ಅನುಮಾನ ಬಂದಾಗ, ಮೊದಲು ಎಣಿಸಿ ನೋಡುವುದು ಮಾತ್ರೆಯನ್ನೇ.