ಪೆನಿಸಿಲಿನ್ ನಿಮಗೆ ನಿಜವಾಗ್ಲೂ ಆಗಲ್ವಾ?

ಚಿಕ್ಕಂದಿನಲ್ಲಿ ಪೆನಿಸಿಲಿನ್ ಕೊಟ್ಟಾಗ ಮೈತುಂಬಾ ಗಂಧೆ ಎದ್ದಿತ್ತು.
ಅವತ್ತಿಂದ ಆ ಔಷಧಿ ಮುಟ್ಟಿಲ್ಲ.
ನಿಮ್ಮ ಕಥೆಯೂ ಇದೇನಾ?

ಅಮೆರಿಕದಲ್ಲಿ ಸುಮಾರು 10ರಲ್ಲಿ ಒಬ್ಬರ ಫೈಲಲ್ಲಿ
"ಪೆನಿಸಿಲಿನ್ ಅಲರ್ಜಿ" ಅಂತ ಬರೆದಿರುತ್ತೆ.
ಪರೀಕ್ಷೆ ಮಾಡಿ ನೋಡಿದ್ರೆ,
ಅವರಲ್ಲಿ 100ಕ್ಕೆ 90 ಮಂದಿಗೆ ಅಲರ್ಜಿಯೇ ಇಲ್ಲ!

ಕೆಲವರಿಗೆ ಅವತ್ತು ಎದ್ದ ಗಂಧೆ ವೈರಸ್ಸಿನದು.
ಇನ್ನು ಕೆಲವರಿಗೆ ಅಲರ್ಜಿ ಇದ್ದದ್ದು ನಿಜ,
ವರ್ಷ ಕಳೆದ ಹಾಗೆ ತಾನೇ ಹೋಗಿರುತ್ತೆ.

ಗೊತ್ತಾಗೋದು ಹೇಗೆ?
ಚರ್ಮದ ಪರೀಕ್ಷೆ.
ಪಂಕ್ತಿಗೆ ಬಡಿಸೋ ಮುಂಚೆ ಭಟ್ಟರು
ಅಂಗೈಗೆ ಒಂದು ತೊಟ್ಟು ಸಾರು ಬಿಟ್ಕೊಂಡು ನೋಡ್ತಾರಲ್ಲ, ಹಾಗೆ.

ಮುಂಗೈ ಮೇಲೆ ಔಷಧಿಯ ಹನಿ. ಸಣ್ಣಗೆ ಒಂದು ಚುಚ್ಚು.
ಪಕ್ಕದಲ್ಲೇ ಹಿಸ್ಟಮಿನ್ (ಅಲರ್ಜಿಯಾದಾಗ ಮೈಯೇ ಬಿಡೋ ರಾಸಾಯನಿಕ) ಹನಿ. ಅದು ಉಬ್ಬಲೇಬೇಕು.
ಇನ್ನೊಂದು, ಬರೀ ಉಪ್ಪುನೀರು. ಅದು ಸುಮ್ಮನಿರಬೇಕು.
15ರಿಂದ 20 ನಿಮಿಷ ಕಾಯೋದು.
ಔಷಧಿ ಬಿದ್ದ ಜಾಗ ಉಬ್ಬಲಿಲ್ವಾ?
ಚರ್ಮದೊಳಗೆ ಚೂರು ಚುಚ್ಚಿ ಮತ್ತೆ ನೋಡ್ತಾರೆ.
ಆಗಲೂ ಏನಿಲ್ಲ ಅಂದ್ರೆ,
ಡಾಕ್ಟರ ಕಣ್ಣೆದುರೇ ಪೆನಿಸಿಲಿನ್ ಗುಂಪಿನ ಅಮಾಕ್ಸಿಸಿಲಿನ್ ನುಂಗಿಸ್ತಾರೆ.

ಅಂದಹಾಗೆ, ನೆಗಡಿಗೆ ಅಂತ ಸೆಟ್ರಿಜಿನ್ ನುಂಗಿ ಹೋದ್ರೆ
ಅದು ಉಬ್ಬೋದನ್ನೇ ತಡೆಯುತ್ತೆ, ಇಡೀ ಪರೀಕ್ಷೆ ದಂಡ!
ಎಷ್ಟು ದಿನ ಮೊದಲು ನಿಲ್ಲಿಸಬೇಕು ಅಂತ ಕೇಳ್ಕೊಳ್ಳಿ.

ಔಷಧಿಯಿಂದ ಚರ್ಮ ಸುಲಿದು, ಬಾಯಲ್ಲಿ ಹುಣ್ಣೆದ್ದಿತ್ತಾ?
ಹಾಗಿದ್ರೆ ಈ ಪರೀಕ್ಷೆ ನಿಮಗಲ್ಲ.
ಆ ವಿಷಯ ಡಾಕ್ಟರಿಗೆ ಮೊದಲೇ ಹೇಳಿ.