ಸಿಝೇರಿಯನ್ ಬಾಣಂತನ: ಅಜ್ಜಿಯ ಪದ್ಧತಿಯಲ್ಲಿ ಯಾವುದು ಇರಲಿ, ಯಾವುದು ಬೇಡ

ಸಹಜ ಹೆರಿಗೆಯಾದವಳಿಗೆ ಒಂದು ಬಾಣಂತನ, ಸಿಝೇರಿಯನ್ ಆದವಳಿಗೆ ಎರಡು. ಹೆರಿಗೆಯ ಬಾಣಂತನ ಒಂದಾದರೆ ಹೊಟ್ಟೆಯ ಆಪರೇಷನ್ನಿನ ಚೇತರಿಕೆ ಇನ್ನೊಂದು. ನಮ್ಮ ಮನೆಗಳಲ್ಲಿ ಅಜ್ಜಿಯರಿಂದ ಬಂದ ಕ್ರಮಗಳೆಲ್ಲ ಮೊದಲನೆಯದಕ್ಕಾಗಿ ಹುಟ್ಟಿಕೊಂಡವು. ಹೊಲಿಗೆ ಹಾಕಿದ ಹೊಟ್ಟೆಯನ್ನು ಹೇಗೆ ನೋಡಿಕೊಳ್ಳಬೇಕೆಂದು ಆ ಕ್ರಮಗಳು ಹೇಳುವುದಿಲ್ಲ. ಏಕೆಂದರೆ ಅವು ರೂಢಿಗೆ ಬಂದ ಕಾಲದಲ್ಲಿ ಹೊಟ್ಟೆ ಕೊಯ್ದ ಮೇಲೆ ತಾಯಿ ಬದುಕಿ ಉಳಿಯುವುದೇ ಅಪರೂಪವಾಗಿತ್ತು. ಆದ್ದರಿಂದ ಆ ಕ್ರಮಗಳನ್ನು ಹಾಗೆಯೇ ಸಿಝೇರಿಯನ್ ಬಾಣಂತಿಯ ಮೇಲೆ ಹೇರಿದರೆ ಕೆಲವು ಉಪಕಾರ ಮಾಡುತ್ತವೆ, ಕೆಲವು ಅಪಾಯ ತರುತ್ತವೆ.

ಇದು ಯಾರೋ ಕೆಲವರ ಮನೆಯ ವಿಷಯವಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದ ಹೆರಿಗೆಗಳಲ್ಲಿ ಶೇ. 21.5 ಸಿಝೇರಿಯನ್, ಕರ್ನಾಟಕದಲ್ಲಿ ಶೇ. 31.5. ದೇಶದ ಸರಕಾರಿ ಆಸ್ಪತ್ರೆಗಳಲ್ಲಿ ಈ ಪ್ರಮಾಣ ಶೇ. 14.3 ಇದ್ದರೆ ಖಾಸಗಿ ಆಸ್ಪತ್ರೆಗಳಲ್ಲಿ ಶೇ. 47.4. ಈ ಅಂತರವನ್ನು ನೋಡಿದ ಯಾರಿಗಾದರೂ ‘ಇವೆಲ್ಲವೂ ಅಗತ್ಯವಿದ್ದವೇ?’ ಎಂಬ ಪ್ರಶ್ನೆ ಬರುವುದು ಸಹಜ. ಕೇಳಬೇಕಾದ ಪ್ರಶ್ನೆಯೂ ಹೌದು. ಆದರೆ ಅದನ್ನು ಎಂಟನೇ ತಿಂಗಳಿನಲ್ಲಿ ವೈದ್ಯರ ಮುಂದೆ ಕುಳಿತು ಕೇಳಬೇಕು. ಮಗು ಅಡ್ಡಲಾಗಿದೆಯೇ, ಕಸ (ಮಾಸು) ಗರ್ಭಕೋಶದ ಬಾಯಿಗೆ ಅಡ್ಡವಾಗಿದೆಯೇ, ಮೊದಲಿನ ಹೊಲಿಗೆ ಇದೆಯೇ, ರಕ್ತದೊತ್ತಡ ಏರಿದೆಯೇ ಎಂದು ವಿವರವಾಗಿ ಕೇಳಿರಿ. ಹಿಂದೆ ಒಮ್ಮೆ ಸಿಝೇರಿಯನ್ ಆದವರಿಗೂ ಕೆಲವು ಸಂದರ್ಭಗಳಲ್ಲಿ ಎಲ್ಲ ಸೌಕರ್ಯವಿರುವ ಆಸ್ಪತ್ರೆಯಲ್ಲಿ ಸಹಜ ಹೆರಿಗೆಗೆ ಪ್ರಯತ್ನಿಸಬಹುದು. ಅದನ್ನೂ ಕೇಳಿರಿ.

ಹೆರಿಗೆ ನೋವಿನ ನಡುವೆ ಮಗುವಿನ ಎದೆಬಡಿತ ಇಳಿಯುತ್ತಿದೆ ಎಂದು ವೈದ್ಯರು ಹೇಳಿದಾಗ ಮಾತ್ರ ಚರ್ಚೆಗೆ ಸಮಯವಿಲ್ಲ. ಗಂಡ ಗಲ್ಫ್‌ನಲ್ಲಿ, ಮಾವ ಅಂಗಡಿಯಲ್ಲಿ, ಅತ್ತೆ ‘ಇನ್ನೊಂದು ಗಂಟೆ ನೋಡೋಣ’ ಎನ್ನುತ್ತಾರೆ. ಸಹಿ ಹಾಕುವವರಿಲ್ಲದೆ ಕಾಗದ ಕೈಯಿಂದ ಕೈಗೆ ತಿರುಗುತ್ತದೆ. ಪ್ರಾಯಕ್ಕೆ ಬಂದ ಹೆಣ್ಣಿನ ದೇಹದ ಚಿಕಿತ್ಸೆಗೆ ಅವಳ ಒಪ್ಪಿಗೆಯೇ ಒಪ್ಪಿಗೆ. ಈ ಮಾತನ್ನು ಮನೆಯಲ್ಲಿ ಮೊದಲೇ ಆಡಿ ತೀರ್ಮಾನಿಸಿಕೊಂಡಿದ್ದರೆ ಆ ಗಳಿಗೆಯಲ್ಲಿ ಯಾರ ಫೋನಿಗೂ ಕಾಯಬೇಕಾಗಿಲ್ಲ. ಸ್ತ್ರೀ ವೈದ್ಯೆಯೇ ಬೇಕೆಂಬ ಅಪೇಕ್ಷೆಯನ್ನೂ ಹೀಗೆಯೇ ಮುಂಚಿತವಾಗಿ ತಿಳಿಸಿರಿ. ಅರಿವಳಿಕೆ ಕೊಡುವವರು ಪುರುಷರಾಗಿರಬಹುದು, ರಾತ್ರಿ ಪಾಳಿಯಲ್ಲಿ ಬೇರೆಯವರಿರಬಹುದು. ಜೀವದ ಪ್ರಶ್ನೆ ಬಂದಾಗ ಶರೀಅತ್ ಕೊಟ್ಟಿರುವ ಅನುಮತಿಯ ಬಗ್ಗೆ ಥಿಯೇಟರಿನ ಬಾಗಿಲಲ್ಲಿ ವಾದಿಸುವುದು ಬೇಡ.

ಖರ್ಚಿನ ಬಗ್ಗೆಯೂ ಒಂದು ಮಾತು. 2011ರಿಂದ ಜಾರಿಯಲ್ಲಿರುವ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಂತೆ ಸರಕಾರಿ ಆಸ್ಪತ್ರೆಯಲ್ಲಿ ಸಿಝೇರಿಯನ್ ಉಚಿತ. ಔಷಧ, ರಕ್ತ, ಪರೀಕ್ಷೆಗಳು, ಏಳು ದಿನಗಳ ವರೆಗೆ ಊಟ, ಮನೆಯಿಂದ ಆಸ್ಪತ್ರೆಗೆ ಹೋಗಿ ಬರುವ ವಾಹನ ಇವೆಲ್ಲ ಅದರಲ್ಲಿ ಸೇರಿವೆ. ಸಾಲ ಮಾಡಿ ಬಿಲ್ಲು ಕಟ್ಟುವ ಅನೇಕ ಕುಟುಂಬಗಳಿಗೆ ಇದು ಗೊತ್ತಿರುವುದಿಲ್ಲ.

ಮೊದಲಿನ ಸಿದ್ಧತೆ

ತಯಾರಿ ರಕ್ತದಿಂದ ಆರಂಭವಾಗಬೇಕು. ಸಹಜ ಹೆರಿಗೆಯಲ್ಲಿ ಅರ್ಧ ಲೀಟರಿನಷ್ಟು ರಕ್ತ ಹೋಗುವುದಾದರೆ ಸಿಝೇರಿಯನ್ನಿನಲ್ಲಿ ಒಂದು ಲೀಟರಿನ ವರೆಗೂ ಹೋಗಬಹುದು. ಹಿಮೋಗ್ಲೋಬಿನ್ 8 ಇರುವವಳಿಗೆ ಈ ನಷ್ಟ ಬಹಳ ದೊಡ್ಡದು. ಗರ್ಭಿಣಿಯಲ್ಲಿ ಅದು 11ಕ್ಕಿಂತ ಕಡಿಮೆಯಿದ್ದರೆ ರಕ್ತಹೀನತೆ ಎಂದೇ ಲೆಕ್ಕ. ಆಶಾ ಕಾರ್ಯಕರ್ತೆ ಕೊಡುವ ಕಬ್ಬಿಣದ ಮಾತ್ರೆಯನ್ನು ಗರ್ಭಿಣಿಯಾಗಿದ್ದಾಗ 180 ದಿನ, ಹೆರಿಗೆಯ ಬಳಿಕ ಮತ್ತೆ 180 ದಿನ ನುಂಗಬೇಕು. ಮಲ ಕಪ್ಪಾಗುತ್ತದೆಂದು ಹೆದರಿ ಕಪಾಟಿನಲ್ಲಿ ಕೂಡಿಡುವವರು ಬಹಳ. ಊಟದ ಬೆನ್ನಿಗೇ ಚಹಾ ಕುಡಿಯುವ ಅಭ್ಯಾಸ ನಮ್ಮಲ್ಲಿ ಹೆಚ್ಚು. ಅದು ಕಬ್ಬಿಣ ಮೈಗೆ ಹತ್ತದಂತೆ ತಡೆಯುತ್ತದೆ. ಖರ್ಜೂರ ಒಳ್ಳೆಯದೇ, ತಿನ್ನಲಿ. ಆದರೆ ಅದು ಮಾತ್ರೆಗೆ ಬದಲಿಯಾಗದು.

ಇನ್ನೊಂದು ವಿಷಯವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಆದುದರಿಂದ ಇಲ್ಲಿ ಬರೆಯುತ್ತಿದ್ದೇನೆ. ಹೆರಿಗೆಗೆ ಮುಂಚೆ ಗುಪ್ತಾಂಗದ ರೋಮವನ್ನು ಮನೆಯಲ್ಲೇ ಬ್ಲೇಡಿನಿಂದ ತೆಗೆಯುವ ರೂಢಿಯಿದೆ. ಶುಚಿತ್ವದ ಉದ್ದೇಶ ಸರಿಯೇ, ಸಮಯ ಸರಿಯಲ್ಲ. ಬ್ಲೇಡು ಚರ್ಮದ ಮೇಲೆ ಕಣ್ಣಿಗೆ ಕಾಣದ ಗೀರುಗಳನ್ನು ಮಾಡುತ್ತದೆ, ಅಲ್ಲಿ ರೋಗಾಣುಗಳು ಬೆಳೆಯುತ್ತವೆ, ಸಿಝೇರಿಯನ್ನಿನ ಗಾಯ ಬರುವುದು ಅದೇ ಜಾಗಕ್ಕೆ. ಆಪರೇಷನ್ನಿನ ದಿನ ಹತ್ತಿರವಾದ ಮೇಲೆ ಬ್ಲೇಡು ಮುಟ್ಟಬೇಡಿ. ಅಗತ್ಯವಿದ್ದರೆ ಆಸ್ಪತ್ರೆಯಲ್ಲಿ ಕ್ಲಿಪ್ಪರಿನಿಂದ ಕತ್ತರಿಸುತ್ತಾರೆ. ಹಿಂದಿನ ರಾತ್ರಿ ಅಥವಾ ಅಂದು ಬೆಳಗ್ಗೆ ಸಾಬೂನು ಹಚ್ಚಿ ಸ್ನಾನ ಮಾಡಿದರೆ ಸಾಕು. ಉಗುರಿನ ಬಣ್ಣ ತೆಗೆದಿರಲಿ, ಬೆರಳ ತುದಿಗಳಿಗೆ ಕಪ್ಪು ಮೆಹಂದಿ ಬೇಡ. ರಕ್ತದಲ್ಲಿನ ಆಮ್ಲಜನಕ ಅಳೆಯುವ ಕ್ಲಿಪ್ಪನ್ನು ಹಾಕುವುದು ಬೆರಳ ತುದಿಗೇ.

ಸಾಮಾನ್ಯವಾಗಿ ಆರು ಗಂಟೆ ಮೊದಲು ಊಟ, ಎರಡು ಗಂಟೆ ಮೊದಲು ನೀರನ್ನೂ ನಿಲ್ಲಿಸಲು ಹೇಳುತ್ತಾರೆ. ಹೊಟ್ಟೆಯಲ್ಲಿರುವುದು ಅರಿವಳಿಕೆಯ ವೇಳೆ ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದರೆ ಪ್ರಾಣಾಪಾಯ. ಬರಕತ್ತಿಗೆಂದು ಕಾರಿಡಾರಿನಲ್ಲಿ ಗುಟ್ಟಾಗಿ ಒಂದು ಖರ್ಜೂರ, ಒಂದು ಗುಟುಕು ಝಮ್‌ಝಮ್ ಕುಡಿಸುವ ಪ್ರೀತಿಯ ಬಂಧುಗಳಿಗೆ ಇದನ್ನು ತಿಳಿಸಿಡಿ.

ಮತ್ತು ನಮ್ಮ ಔಷಧಗಳು. ಯುನಾನಿ ವೈದ್ಯನಾಗಿಯೇ ಹೇಳುತ್ತೇನೆ: ಯಾವುದೇ ಮಾಜೂನ್, ಕುಶ್ತಾ, ಬೆಳ್ಳುಳ್ಳಿಯ ಮಾತ್ರೆ ಅಥವಾ ನಾಟಿ ಕಷಾಯ ಸೇವಿಸುತ್ತಿದ್ದರೆ ಆಪರೇಷನ್ ಮಾಡುವ ವೈದ್ಯರಿಗೆ ಮುಚ್ಚಿಡದೆ ತಿಳಿಸಿರಿ. ಕೆಲವು ರಕ್ತಸ್ರಾವವನ್ನು ಹೆಚ್ಚಿಸುತ್ತವೆ. ಲೋಹಗಳಿಂದ ತಯಾರಿಸುವ ಕುಶ್ತಾಗಳು ಗರ್ಭಿಣಿಗೂ ಹಾಲೂಡಿಸುವ ತಾಯಿಗೂ ಬೇಡವೇ ಬೇಡ. ನೋವು ಬರಲೆಂದು ಹರಳೆಣ್ಣೆ ಕುಡಿಸುವುದು ಯಾರಿಗೂ ಒಳ್ಳೆಯದಲ್ಲ. ಹಳೆಯ ಹೊಲಿಗೆ ಇರುವವಳಿಗಂತೂ ಗರ್ಭಕೋಶವೇ ಬಿರಿಯುವ ಭಯವಿದೆ.

ಮಲಗಿಸಿಡಬೇಡಿ, ಬಾಯಾರಿಸಬೇಡಿ

ಶರೀರವನ್ನು ಸ್ವಸ್ಥವಾಗಿಡುವ ಆರು ಅಗತ್ಯಗಳನ್ನು ಯುನಾನಿ ಶಾಸ್ತ್ರ ‘ಅಸ್ಬಾಬೆ ಸಿತ್ತಾ ಝರೂರಿಯಾ’ ಎಂದು ಕರೆಯುತ್ತದೆ. ಗಾಳಿ, ಅನ್ನಪಾನ, ದೇಹದ ಚಲನೆ ಮತ್ತು ವಿಶ್ರಾಂತಿ, ಮನಸ್ಸಿನ ಚಲನೆ ಮತ್ತು ವಿಶ್ರಾಂತಿ, ನಿದ್ದೆ ಮತ್ತು ಎಚ್ಚರ, ದೇಹದಿಂದ ಹೊರಹೋಗಬೇಕಾದುದು ಹೋಗುವುದು ಹಾಗೂ ಉಳಿಯಬೇಕಾದುದು ಉಳಿಯುವುದು. ಚಲನೆಯನ್ನೂ ವಿಶ್ರಾಂತಿಯನ್ನೂ ಒಂದೇ ಜೋಡಿಯಾಗಿ ಇಟ್ಟಿರುವುದನ್ನು ಗಮನಿಸಿರಿ. ನಮ್ಮ ಬಾಣಂತನದಲ್ಲಿ ವಿಶ್ರಾಂತಿ ಮಾತ್ರ ಉಳಿದಿದೆ, ಚಲನೆ ಬಿಟ್ಟುಹೋಗಿದೆ.

ಹೆರಿಗೆಯ ಬಳಿಕ ಹೆಣ್ಣಿನ ರಕ್ತ ಬೇಗ ಹೆಪ್ಪುಗಟ್ಟುವ ಸ್ಥಿತಿಯಲ್ಲಿರುತ್ತದೆ. ಆಪರೇಷನ್ ಆದ ಮೇಲೆ ಇದು ಇನ್ನೂ ಹೆಚ್ಚು. ನಲವತ್ತು ದಿನ ಮಂಚದಿಂದ ಇಳಿಸದೆ ಇಟ್ಟರೆ ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿ, ಅದು ಕಿತ್ತು ಶ್ವಾಸಕೋಶಕ್ಕೆ ಹೋಗಬಹುದು. ಆದ್ದರಿಂದಲೇ ಆಸ್ಪತ್ರೆಯಲ್ಲಿ ಮೊದಲ ದಿನದೊಳಗೆ ಎಬ್ಬಿಸಿ ನಾಲ್ಕು ಹೆಜ್ಜೆ ನಡೆಸುತ್ತಾರೆ. ‘ನರ್ಸಿಗೆ ಕರುಣೆಯಿಲ್ಲ’ ಎಂದು ಬೈಯಬೇಡಿ. ಏಳುವಾಗ ಮೊದಲು ಪಕ್ಕಕ್ಕೆ ಹೊರಳಿ, ಕೈಯೂರಿ, ಬಳಿಕ ಕಾಲು ಕೆಳಗಿಳಿಸಬೇಕು. ಕೆಮ್ಮು, ಸೀನು, ನಗು ಬಂದಾಗ ಹೊಲಿಗೆಯ ಮೇಲೆ ದಿಂಬು ಒತ್ತಿ ಹಿಡಿದರೆ ನೋವು ತಡೆದುಕೊಳ್ಳಬಹುದು. ಮನೆಗೆ ಬಂದ ಮೇಲೂ ದಿನಕ್ಕೆ ನಾಲ್ಕಾರು ಬಾರಿ ಕೋಣೆಯೊಳಗೆ ನಡೆಯಲಿ. ಆದರೆ ಆರು ವಾರ ನೀರಿನ ಕೊಡ, ದೊಡ್ಡ ಮಗು, ಒದ್ದೆ ಬಟ್ಟೆಯ ಬಕೆಟ್ ಎತ್ತುವಂತಿಲ್ಲ. ತನ್ನ ಕೂಸಿಗಿಂತ ಭಾರವಾದದ್ದನ್ನು ಎತ್ತದಿರುವುದೇ ಸರಳವಾದ ಅಳತೆ. ದಾಂಪತ್ಯ ಸಂಬಂಧಕ್ಕೂ ಗಾಯ ಮಾಗುವ ವರೆಗೆ, ಸುಮಾರು ಆರು ವಾರ, ಗಂಡ ತಾಳಬೇಕು.

‘ನೀರು ಕುಡಿದರೆ ಹೊಟ್ಟೆ ಬರುತ್ತದೆ, ಹೊಲಿಗೆ ಕೀವಾಗುತ್ತದೆ’ ಎಂಬ ಮಾತು ನನ್ನ ದವಾಖಾನೆಯಲ್ಲಿ ವಾರಕ್ಕೊಮ್ಮೆಯಾದರೂ ಕೇಳಿಬರುತ್ತದೆ. ಬಾಣಂತಿಯ ತುಟಿ ಒಣಗಿರುತ್ತದೆ, ಮೂತ್ರ ಉರಿಯುತ್ತದೆ, ಮಲ ಕಲ್ಲಿನಂತಾಗಿರುತ್ತದೆ. ಜೊತೆಗೆ ಬಂದವರು ಮಾತ್ರ ದಿನಕ್ಕೆ ಎರಡು ಲೋಟ ನೀರನ್ನಷ್ಟೇ ಕೊಟ್ಟೆವೆಂದು ಹೆಮ್ಮೆಯಿಂದ ಹೇಳುತ್ತಾರೆ. ಹಾಲೂಡಿಸುವವಳಿಗೆ ಬಾಯಾರಿದಾಗಲೆಲ್ಲ ನೀರು ಬೇಕು. ಹೊಟ್ಟೆ ಮುಂದೆ ಬರುವುದು ಒಂಬತ್ತು ತಿಂಗಳು ಹಿಗ್ಗಿದ ಸ್ನಾಯುಗಳಿಂದ, ನೀರಿನಿಂದಲ್ಲ. ಮಲಬದ್ಧತೆಯಿಂದ ತಿಣುಕಿದರೆ ಹೊಲಿಗೆಗೆ ನೋವು. ರಾತ್ರಿ ನೆನೆಸಿಟ್ಟ ಅಂಜೂರ, ಒಣದ್ರಾಕ್ಷಿ, ಬೇಕಿದ್ದರೆ ಒಂದು ಚಮಚ ಇಸಬಗೋಲನ್ನು ದೊಡ್ಡ ಲೋಟ ನೀರಿನೊಂದಿಗೆ ಕೊಡಿ. ತೀವ್ರವಾದ ಭೇದಿ ಔಷಧ ಬೇಡ.

ಅಚ್ವಾನಿ, ಮೆಂತ್ಯದ ಗಂಜಿ, ಅಂಟಿನ ಉಂಡೆ ಇವು ಹಾಳು ಪದಾರ್ಥಗಳಲ್ಲ. ಓಮ ಹೊಟ್ಟೆಯುಬ್ಬರವನ್ನು ಇಳಿಸುತ್ತದೆ. ತುಪ್ಪದಲ್ಲಿ ತೇಲುವ ಉಂಡೆಗಳನ್ನು ಮೂರನೇ ದಿನದಿಂದಲೇ ತುರುಕುವುದು ಮಾತ್ರ ತಪ್ಪು. ಕರುಳು ತನ್ನ ಕೆಲಸಕ್ಕೆ ಮರಳಿ, ಗಾಳಿ ಹೋಗಿ, ಹಸಿವಾದ ಮೇಲೆ ಸ್ವಲ್ಪ ಸ್ವಲ್ಪವಾಗಿ ಕೊಡಿ. ಮಧುಮೇಹ ಇದ್ದವರಿಗೆ ಬೆಲ್ಲ ಸಕ್ಕರೆಯ ಉಂಡೆ ಬೇಡ. ಗಾಯ ಮಾಗಲು ಬೇಕಾದುದು ಮೊಟ್ಟೆ, ಮೀನು, ಮಾಂಸದ ಸಾರು, ಬೇಳೆ, ಸೊಪ್ಪು. ‘ಮೊಟ್ಟೆ, ಮೀನು ತಿಂದರೆ ಹೊಲಿಗೆ ಕೀವಾಗುತ್ತದೆ’ ಎಂಬುದು ತಲೆಬುಡವಿಲ್ಲದ ಮಾತು.

ಗಾಯ ಮತ್ತು ಕೆಂಡ

ಗಾಯಕ್ಕೆ ಬೇಕಾದುದು ಶುಚಿತ್ವ ಮತ್ತು ಒಣಗಿರುವುದು, ಇಷ್ಟೇ. ಅರಿಶಿಣ, ಎಣ್ಣೆ, ಬೂದಿ, ಯಾವ ಪುಡಿಯನ್ನೂ ಹಚ್ಚಬೇಡಿ. ಸಾವಿರ ವರ್ಷಗಳ ಹಿಂದೆ ಅಂದಲುಸಿನಲ್ಲಿದ್ದ ಅಝ್ಝಹ್ರಾವಿ ಪ್ರಾಣಿಯ ಕರುಳಿನ ದಾರದಿಂದ ದೇಹದೊಳಗೆ ಹೊಲಿಯುವುದನ್ನು ವಿವರಿಸಿದ್ದಾರೆ. ಅವರ ಹೆಸರು ಹೇಳಿ ಅಭಿಮಾನಪಡುವ ನಾವು ಹೊಲಿಗೆಯ ಮೇಲೆ ಒಲೆಬೂದಿ ಹಚ್ಚುವುದೆಂದರೇನು? ವೈದ್ಯರು ಅನುಮತಿ ಕೊಟ್ಟ ಮೇಲೆ ಉಗುರುಬೆಚ್ಚಗಿನ ನೀರಿನ ಸ್ನಾನ ಮಾಡಿ, ಒಗೆದ ಹತ್ತಿಬಟ್ಟೆಯನ್ನು ಒತ್ತಿ ಒಣಗಿಸಿ. ಹೊಟ್ಟೆಯ ಮಡಿಕೆ ಗಾಯದ ಮೇಲೆ ಬೀಳುವವರು ಆ ಜಾಗವನ್ನು ವಿಶೇಷವಾಗಿ ಗಮನಿಸಬೇಕು. ಕುದಿಯುವ ನೀರನ್ನು ರಭಸದಿಂದ ಹೊಟ್ಟೆಗೆ ಎರಚುವುದು, ಉಸಿರು ಕಟ್ಟುವಂತೆ ಸೀರೆ ಬಿಗಿಯುವುದು ಬೇಡ. ಮಂಚದ ಕೆಳಗೆ ಕೆಂಡವಿಟ್ಟು ಕಿಟಕಿ ಮುಚ್ಚಿ ಲೋಬಾನ ಹಾಕುವ ರೂಢಿಯನ್ನು ನಿಲ್ಲಿಸಲೇಬೇಕು. ಬೆನ್ನಿಗೆ ಕೊಡುವ ಇಂಜೆಕ್ಷನ್ನಿನ ಜೋಮು ಪೂರ್ತಿ ಹೋಗುವ ಮೊದಲು ಕಾಲಿಗೆ ಶಾಖ ಕೊಟ್ಟರೆ ಸುಟ್ಟದ್ದೇ ತಿಳಿಯದು. ಕೆಂಡದಿಂದ ಹೊರಡುವ ಕಾರ್ಬನ್ ಮೋನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ; ತಾಯಿ ಮಗು ಇಬ್ಬರನ್ನೂ ನಿದ್ದೆಯಲ್ಲೇ ಕೊಲ್ಲಬಲ್ಲದು.

ಹಾಲು ಕುಡಿಸುವುದು ಸಿಝೇರಿಯನ್ ಆಯಿತೆಂದು ತಡವಾಗಬಾರದು. ತಾಯಿಗೆ ಎಚ್ಚರವಿದ್ದರೆ ಮೊದಲ ಗಂಟೆಯಲ್ಲೇ ಮಗುವನ್ನು ಎದೆಗೆ ಹಿಡಿಸಬಹುದು. ಹೊಟ್ಟೆಗೆ ತಾಗದಂತೆ ಮಗುವನ್ನು ಕಂಕುಳ ಕೆಳಗೆ ಪಕ್ಕಕ್ಕೆ ಹಿಡಿದು ಕುಡಿಸುವ ವಿಧಾನವನ್ನು ನರ್ಸಿನಿಂದ ಕಲಿಯಿರಿ. ಹಾಲು ತುಂಬಿ ಬರಲು ಒಂದೆರಡು ದಿನ ಹೆಚ್ಚು ಹಿಡಿಯಬಹುದು. ಅದಕ್ಕೆ ಡಬ್ಬಿ ಹಾಲು ಪರಿಹಾರವಲ್ಲ, ಮತ್ತೆ ಮತ್ತೆ ಚೀಪಿಸುವುದೇ ಪರಿಹಾರ. ತಹ್ನೀಕ್‌ಗೆ ಮೆತ್ತಗಾದ ಖರ್ಜೂರವನ್ನು ಶುದ್ಧ ಕೈಯಿಂದ ಅಂಗುಳಕ್ಕೆ ಸವರಿದಷ್ಟೇ ಇರಲಿ, ಜೇನು ಬೇಡ. ಒಂದು ವರ್ಷದೊಳಗಿನ ಮಗುವಿಗೆ ಜೇನಿನಿಂದ ಬೊಟುಲಿಸಂ ಎಂಬ ಮಾರಕ ರೋಗ ಬರಬಹುದು.

ನಿಫಾಸ್ ಬಗ್ಗೆ ಒಂದು ಗೊಂದಲ ಸಾಮಾನ್ಯ. ಮಗು ಹೊಟ್ಟೆಯಿಂದ ಬಂದರೂ ಗರ್ಭಕೋಶದ ರಕ್ತಸ್ರಾವ ಕೆಳಗಿನಿಂದಲೇ ಆಗುತ್ತದೆ, ನಿಫಾಸಿನ ನಿಯಮವೇ ಅನ್ವಯಿಸುತ್ತದೆ. ನಲವತ್ತು ದಿನ ತುಂಬಲೇಬೇಕೆಂದಿಲ್ಲ. ಹನಫಿಗಳಲ್ಲಿ ನಲವತ್ತು, ಶಾಫಿಈಗಳಲ್ಲಿ ಅರುವತ್ತು ದಿನ ಎಂಬುದು ಗರಿಷ್ಠ ಮಿತಿ. ಅದಕ್ಕೆ ಮೊದಲೇ ಸ್ರಾವ ನಿಂತರೆ ಗುಸ್ಲ್ ಮಾಡಿ ನಮಾಝ್ ಆರಂಭಿಸಬೇಕು. ಸುಜೂದಿಗೆ ಬಾಗುವಾಗ ಹೊಲಿಗೆ ಎಳೆದರೆ ಕುರ್ಚಿಯಲ್ಲಿ ಕುಳಿತು ನಿರ್ವಹಿಸುವ ರಿಯಾಯಿತಿ ಇದೆ. ಗಾಯ ಇನ್ನೂ ಹಸಿಯಾಗಿದ್ದು ನೀರು ತಾಗಬಾರದೆಂದು ವೈದ್ಯರು ಹೇಳಿದ್ದರೆ ಗುಸ್ಲ್ ಬಗ್ಗೆ ಉಲಮಾರನ್ನು ಕೇಳಿರಿ. ರಮಝಾನ್ ಬಂದರೆ ಹಾಲೂಡಿಸುವವಳಿಗೆ ಉಪವಾಸ ಮುಂದೂಡುವ ಅವಕಾಶವಿದೆ. ಏಳನೇ ದಿನದ ಅಖೀಖಾದಲ್ಲಿ ನೂರು ಜನರ ನಡುವೆ ಅವಳನ್ನು ಅಲಂಕರಿಸಿ ಕೂರಿಸುವುದಕ್ಕಿಂತ ಒಳಕೋಣೆಯಲ್ಲಿ ನಿದ್ದೆ ಮಾಡಲು ಬಿಡಿ.

ಮನಸ್ಸನ್ನೂ ನೋಡಿಕೊಳ್ಳಬೇಕು. ‘ನೋವು ತಿನ್ನದೆ ಹೆತ್ತವಳು’ ಎಂಬ ಕೊಂಕು ಮಾತನ್ನು ಹೇಳುವವರು ಏಳು ಪದರ ಕೊಯ್ದು ಹೊಲಿದ ಹೊಟ್ಟೆಯ ನೋವನ್ನು ನೆನೆಯಲಿ. ಮೊದಲ ವಾರದ ಅಳು ಸಾಮಾನ್ಯ, ತಾನಾಗಿ ಇಳಿಯುತ್ತದೆ. ಎರಡು ವಾರ ಕಳೆದರೂ ಅಳು ನಿಲ್ಲದೆ, ನಿದ್ದೆ ಬಾರದೆ, ಮಗುವಿನ ಮೇಲೆ ಆಸಕ್ತಿ ಇಲ್ಲದಿದ್ದರೆ ಅದು ಕಾಯಿಲೆ. ನಝರ್ ತಾಗಿದೆ ಎಂದು ದುಆ ಓದಿಸುವವರು ಓದಿಸಲಿ, ಅದರ ಜೊತೆಗೆ ವೈದ್ಯರಲ್ಲಿಗೂ ಕರೆದೊಯ್ಯಲಿ. ತನಗೋ ಮಗುವಿಗೋ ಏನಾದರೂ ಮಾಡಿಕೊಳ್ಳುವ ಮಾತು ಬಂದರೆ ಅದೇ ದಿನ ಹೋಗಬೇಕು.

ಇನ್ನು ಕೆಲವು ಲಕ್ಷಣಗಳಿಗೆ ಮನೆಮದ್ದೂ ಬೇಡ, ನಮ್ಮ ದವಾಖಾನೆಯೂ ಬೇಡ. 108ಕ್ಕೆ ಕರೆಮಾಡಿ ಹೆರಿಗೆಯಾದ ಆಸ್ಪತ್ರೆಗೆ ಹೋಗಬೇಕು. ಗಂಟೆಯೊಳಗೆ ಒಂದು ಪ್ಯಾಡ್ ಪೂರ್ತಿ ನೆನೆಯುವಷ್ಟು ರಕ್ತ, ಉಸಿರಾಟದ ತೊಂದರೆ, ಒಂದೇ ಕಾಲಿನಲ್ಲಿ ಊತ ಮತ್ತು ನೋವು, ಕಣ್ಣು ಮಂಜಾಗುವ ತೀವ್ರ ತಲೆನೋವು, ಫಿಟ್ಸ್. ಜ್ವರ 100.4 ಡಿಗ್ರಿ ದಾಟಿದರೆ, ಗಾಯ ಕೆಂಪಾಗಿ ಕೀವು ಬಂದರೆ, ಸ್ರಾವಕ್ಕೆ ದುರ್ವಾಸನೆ ಬಂದರೆ ಅಂದೇ ತೋರಿಸಬೇಕು.

ಮುಂದಿನ ಗರ್ಭಕ್ಕೆ ಕನಿಷ್ಠ ಒಂದೂವರೆ ವರ್ಷ, ಸಾಧ್ಯವಾದರೆ ಎರಡು ವರ್ಷದ ಅಂತರವಿದ್ದರೆ ಗರ್ಭಕೋಶದ ಹೊಲಿಗೆ ಗಟ್ಟಿಯಾಗುತ್ತದೆ. ಕುರ್‌ಆನ್ ಹಾಲೂಡಿಸಲು ಹೇಳಿರುವ ಪೂರ್ಣಾವಧಿಯೂ ಎರಡು ವರ್ಷವೇ. ಹಾಲು ಕುಡಿಸುತ್ತಿದ್ದರೆ ಗರ್ಭ ನಿಲ್ಲುವುದಿಲ್ಲ ಎಂಬ ನಂಬಿಕೆಯ ಮೇಲೆ ಕೂರದೆ, ಆರನೇ ವಾರದ ತಪಾಸಣೆಗೆ ಗಂಡ ಹೆಂಡತಿ ಇಬ್ಬರೂ ಹೋಗಿ ಅಂತರದ ತಾತ್ಕಾಲಿಕ ವಿಧಾನಗಳನ್ನು ಕೇಳಿ ಬನ್ನಿ. ಡಿಸ್ಚಾರ್ಜ್ ಚೀಟಿಯನ್ನು ಪಡಿತರ ಚೀಟಿಯಷ್ಟೇ ಜೋಪಾನವಾಗಿಡಿ. ಸಿಝೇರಿಯನ್ ಏಕೆ ಮಾಡಿದರು, ಗರ್ಭಕೋಶವನ್ನು ಅಡ್ಡ ಕೊಯ್ದರೋ ಉದ್ದ ಕೊಯ್ದರೋ, ರಕ್ತ ಕೊಟ್ಟರೋ ಎಂಬುದೆಲ್ಲ ಅದರಲ್ಲಿದೆ. ಮುಂದಿನ ಹೆರಿಗೆ ಸಹಜವಾಗಬಹುದೇ ಎಂದು ಇನ್ನೊಬ್ಬ ವೈದ್ಯರು ತೀರ್ಮಾನಿಸುವುದು ಆ ಚೀಟಿಯನ್ನು ನೋಡಿಯೇ. ಹೊಟ್ಟೆಯ ಮೇಲಿನ ಗೆರೆಯಿಂದ ಒಳಗಿನ ಹೊಲಿಗೆ ಹೇಗಿದೆ ಎಂಬುದು ಗೊತ್ತಾಗುವುದಿಲ್ಲ.