ಎರಡು ಷೋ ನಡೆದರೇನೇ ಕರಕರ!

ಬೆಂಗಳೂರಿಗೆ ಗಾಂಧಿನಗರ, ವಿಜಯಪುರಕ್ಕೆ ಗಾಂಧಿ ಚೌಕ! ಅಲ್ಲಿ ಕಥೆ ಬೇಯುತ್ತದೆ, ಇಲ್ಲಿ ಎಣ್ಣೆ ಕಾಯುತ್ತದೆ. ಮಿರ್ಚಿ ಭಜಿ, ಚುರುಮುರಿ ಇಲ್ಲಿನ ಹಳೇ ಸ್ಟಾರುಗಳು. ಈಗ ಅವರ ಜೊತೆಗೆ ಒಂದು ಹೊಸಮುಖ ಸೇರಿದೆ. ಹೆಸರು ಫ್ರೆಂಚ್ ಫ್ರೈಸ್. ಹಳೇ ಹೋಟೆಲುಗಳ ಭಾಷೆಯಲ್ಲಿ ಫಿಂಗರ್ ಚಿಪ್ಸ್!

ಕಾಲೇಜು ಹುಡುಗರೆಲ್ಲ ಇದರ ಫ್ಯಾನುಗಳೇ. ಆದರೆ ಮನೆಯಲ್ಲಿ ಮಾಡಹೋದರೆ? ಬಾಣಲೆಯಲ್ಲಿ ಹೀರೋ, ತಟ್ಟೆಗೆ ಬಂದ ಐದೇ ನಿಮಿಷಕ್ಕೆ ಜೀರೋ! "ಏನಲೇ ಇದು, ಬಟಾಟಿ ಪಲ್ಯ ಆಗ್ಯಾದಲ್ಲ!" ಎಂದು ಗೆಳೆಯರು ಕಾಲೆಳೆಯುತ್ತಾರೆ. ಪಾಪ, ಬಟಾಟಿಯದೇನೂ ತಪ್ಪಿಲ್ಲ. ಒಂದೇ ಷೋಗೆ ಪರದೆ ಎಳೆದದ್ದೇ ತಪ್ಪು!

ಹುಟ್ಟೂರು ಯಾವುದು?

ಹೆಸರು ಫ್ರೆಂಚ್. ಆದರೆ 'ಇದು ನಮ್ಮದು' ಎಂದು ಬೆಲ್ಜಿಯಂನವರ ವಾದ. ಆ ಜಗಳ ಇನ್ನೂ ಇಂಟರ್‌ವೆಲ್ ದಾಟಿಲ್ಲ. ಬಟಾಟಿ ಮಾತ್ರ ದಕ್ಷಿಣ ಅಮೆರಿಕದ ಕೂಸು. 1510ರಲ್ಲಿ ಪೋರ್ಚುಗೀಸರು ಗೋವೆಯನ್ನು ಕಸಿದುಕೊಂಡದ್ದು ಯಾರಿಂದ ಬಲ್ಲಿರಾ? ನಮ್ಮ ಬಿಜಾಪುರದ ಆದಿಲ್‌ಶಾಹಿಗಳಿಂದಲೇ! ಮೆಣಸಿನಕಾಯಿ ನಮ್ಮ ನಾಡಿಗೆ ಬಂದದ್ದು ಆ ಪೋರ್ಚುಗೀಸರಿಂದ. 'ಬಟಾಟಿ' ಎನ್ನುವ ಹೆಸರೂ ಅವರ ಭಾಷೆಯದೇ. ಗೋವೆ ಹೋಯಿತು, ಖಾರ ಬಂತು!

ಪಾತ್ರಧಾರಿಯ ಆಯ್ಕೆ

ಅರ್ಧ ಕಿಲೋ ಬಲಿತ, ಗಟ್ಟಿ ಬಟಾಟಿ ತನ್ನಿ. ಎಳೆಯದರಲ್ಲಿ ನೀರು ಜಾಸ್ತಿ. ಫ್ರಿಜ್ಜಿನಲ್ಲಿ ಇಡಬೇಡಿ. ತಂಪಿಗೆ ಅದರ ಪಿಷ್ಟ ಸಕ್ಕರೆಯಾಗಿ, ಕರಿದಾಗ ಬೇಗ ಕಪ್ಪಾಗಿ ಕಹಿಯಾಗುತ್ತದೆ. ಸಿಪ್ಪೆ ತೆಗೆದು ಕಿರುಬೆರಳ ಗಾತ್ರಕ್ಕೆ ಹೆಚ್ಚಿ. ಎಲ್ಲ ಒಂದೇ ದಪ್ಪ ಇರಲಿ. ನೀರು ತಿಳಿಯಾಗುವ ತನಕ ತೊಳೆದು, ಅರ್ಧ ತಾಸು ತಣ್ಣೀರಿನಲ್ಲಿ ನೆನೆಹಾಕಿ. ಮೇಲಿನ ಪಿಷ್ಟ ಹೋದರೆ ಒಂದಕ್ಕೊಂದು ಅಂಟುವುದಿಲ್ಲ. ಆಮೇಲೆ ಒಣಬಟ್ಟೆಯಲ್ಲಿ ಒತ್ತಿ ಒರೆಸಿ. ನೆನಪಿರಲಿ, ಈ ಚಿತ್ರದ ವಿಲನ್ ನೀರು!

ಫಸ್ಟ್ ಷೋ

ಬಾಣಲೆಯ ಅರ್ಧಕ್ಕಿಂತ ಮೇಲೆ ಎಣ್ಣೆ ಬೇಡ. ಶೇಂಗಾ ಎಣ್ಣೆಯಾದರೆ ಒಳ್ಳೆಯದು. ಉರಿ ಮಧ್ಯಮ, ಶಾಖ ಸುಮಾರು 150-160 ಡಿಗ್ರಿ ಸೆಲ್ಸಿಯಸ್. ಅಳೆಯುವ ಸಾಧನ ಇಲ್ಲವೇ? ಒಂದು ತುಂಡು ಬಿಡಿ. ಸುತ್ತ ಸಣ್ಣ ಗುಳ್ಳೆ ನಿಧಾನಕ್ಕೆ ಎದ್ದರೆ ಸರಿ. ಸ್ವಲ್ಪ ಸ್ವಲ್ಪವೇ ಹಾಕಿ ಐದಾರು ನಿಮಿಷ ಕರಿಯಿರಿ. ಎಲ್ಲ ಒಮ್ಮೆಲೇ ಸುರಿದರೆ ಎಣ್ಣೆ ತಣ್ಣಗಾಗಿ ಬಟಾಟಿ ಎಣ್ಣೆ ಕುಡಿಯುತ್ತದೆ. ಒಳಗೆ ಮೆತ್ತಗೆ ಬೇಯಬೇಕು, ಮೇಲೆ ಬಣ್ಣ ಬರಬಾರದು.

ಇಂಟರ್‌ವೆಲ್

ತೆಗೆದು ತಟ್ಟೆಯಲ್ಲಿ ಬಿಡಿಬಿಡಿಯಾಗಿ ಹರಡಿ. ಹದಿನೈದು ನಿಮಿಷ ಮುಟ್ಟಬೇಡಿ! ಒಳಗಿನ ಹಬೆ ಈಗ ಹೊರಬೀಳುತ್ತದೆ. ಅವಸರ ಮಾಡಿದಿರೋ, ಆ ಹಬೆಯೇ ಆಮೇಲೆ ಹೊರಪದರವನ್ನು ಮೆತ್ತಗೆ ಮಾಡುತ್ತದೆ.

ಸೆಕೆಂಡ್ ಷೋ

ಈಗ ಉರಿ ಏರಿಸಿ, 180-190 ಡಿಗ್ರಿ. ತುಂಡು ಬಿಟ್ಟ ಕೂಡಲೇ ಎಣ್ಣೆ ಭರ್ರೆಂದು ಉಕ್ಕಬೇಕು. ಎರಡು ಮೂರು ನಿಮಿಷ ಸಾಕು. ಬಂಗಾರದ ಬಣ್ಣ ಬಂದೊಡನೆ ತೆಗೆದು, ಬಿಸಿ ಇದ್ದಾಗಲೇ ಉಪ್ಪು ಉದುರಿಸಿ. ಕಂದು ಬಣ್ಣದ ತನಕ ಎಳೆಯಬೇಡಿ. ಹಾಗೆ ಕರಿದಾಗ ಅಕ್ರಿಲಮೈಡ್ ಎಂಬ ಕೆಟ್ಟ ವಸ್ತು ಹೆಚ್ಚಾಗುತ್ತದೆಂದು 2002ರಲ್ಲಿ ಸ್ವೀಡನ್ ವಿಜ್ಞಾನಿಗಳು ಎಚ್ಚರಿಸಿದರು.

ಇನ್ನೊಂದು ತೆರೆಮರೆಯ ಗುಟ್ಟು! ಅಂಗಡಿಯ ಫ್ರೋಜನ್ ಪ್ಯಾಕೆಟ್ಟಿನ ಫ್ರೈಸ್‌ಗೆ ಫಸ್ಟ್ ಷೋ ಫ್ಯಾಕ್ಟರಿಯಲ್ಲೇ ಮುಗಿದಿರುತ್ತದೆ. ಹೋಟೆಲಿನವರು ನಡೆಸುವುದು ಬರೀ ಸೆಕೆಂಡ್ ಷೋ!

ಜೋಡಿ ಯಾರು?

1994ರ 'ಪಲ್ಪ್ ಫಿಕ್ಷನ್' ನೋಡಿದ್ದೀರಾ? ಹಾಲೆಂಡಿನವರು ಫ್ರೈಸ್‌ಗೆ ಕೆಚಪ್ ಬದಲು ಮೇಯನೇಸ್ ಹಾಕುತ್ತಾರೆಂದು ಜಾನ್ ಟ್ರವೋಲ್ಟಾ ಕಾರಿನಲ್ಲಿ ಕೂತು ಹೇಳುತ್ತಾನೆ. ಅವರಿಗೆ ಮೇಯನೇಸ್ ಇರಲಿ, ನಮಗೆ ರಂಜಕ ಇಲ್ಲವೇ? ಒಂದು ಬಟ್ಟಲು ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ಒಂದು ತಾಸು ತೂಗುಹಾಕಿ. ಗಟ್ಟಿಯಾದದ್ದಕ್ಕೆ ಒಂದು ಚಮಚ ರಂಜಕ, ಒಂದು ಚಮಚ ಶೇಂಗಾ ಚಟ್ನಿಪುಡಿ, ಜಜ್ಜಿದ ಎರಡೆಸಳು ಬೆಳ್ಳುಳ್ಳಿ, ಚಿಟಿಕೆ ಬೆಲ್ಲ ಕಲಸಿ. ರಂಜಕದಲ್ಲೇ ಉಪ್ಪಿರುತ್ತದೆ, ನಾಲಿಗೆಗೆ ಕೇಳಿ ಹಾಕಿ. ಫ್ರೈಸ್ ಮೇಲೆ ಸುರಿಯಬೇಡಿ, ಅದ್ದಿ ತಿನ್ನಿ. ಒಂದು ಸದ್ದಿಗೆ ಏಳು ಸಲ ಮರುದನಿ ಕೊಡುವ ಗೋಲಗುಂಬಜದಲ್ಲಿ ಕಡಿದರೆ ಕಾವಲುಗಾರ ಓಡಿಬರಬೇಕು, ಅಂಥ ಕರಕರ!

ಸ್ಟಂಟ್ ಬೇಡ!

ಕಾದ ಎಣ್ಣೆಯ ಮುಂದೆ ಡ್ಯೂಪ್ ಇರುವುದಿಲ್ಲ. ಬಾಣಲೆ ಬಿಟ್ಟು ಮೊಬೈಲ್ ಹಿಡಿದು ಹೋಗಬೇಡಿ. ಎಣ್ಣೆಗೆ ಬೆಂಕಿ ಹತ್ತಿತೋ, ನೀರು ಸುರಿಯಲೇಬೇಡಿ. ಬೆಂಕಿ ಸಿಡಿದು ಮೈಮೇಲೆ ಬರುತ್ತದೆ. ಗ್ಯಾಸ್ ಆರಿಸಿ, ದೊಡ್ಡ ತಟ್ಟೆ ಮುಚ್ಚಿಬಿಡಿ. ಅದೇ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸುವುದೂ ಬೇಡ. ಕರಿದ ಎಣ್ಣೆಯಲ್ಲಿ ಕೆಟ್ಟ ಅಂಶ ಶೇಕಡಾ 25 ದಾಟಿದರೆ ಬಳಸಕೂಡದೆಂದು 2018ರ ಜುಲೈನಿಂದ ಸರಕಾರದ ನಿಯಮವೇ ಇದೆ. ಕಪ್ಪಾಗಿ ನೊರೆಯೇಳುವ ಎಣ್ಣೆಗೆ ನಿವೃತ್ತಿ ಕೊಡಿ.

ಪರದೆಯ ಮೇಲೆ ಬೆಂಕಿಗೆ ಹಾರುವ ಹೀರೋಗೆ ಗಾಂಧಿ ಕ್ಲಾಸಿನಲ್ಲಿ ಕೂತು ಶಿಳ್ಳೆ ಹೊಡೆಯುವ ನಾವು, ಮನೆಯ ಒಲೆ ಮುಂದೆ ನಿಲ್ಲಲು ನಾಚುತ್ತೇವೆ! ಬರುವ ಭಾನುವಾರ ಅವ್ವನನ್ನು ಅಡುಗೆಮನೆಯಿಂದ ಎಬ್ಬಿಸಿ ಬಾಲ್ಕನಿ ಸೀಟಿನಲ್ಲಿ ಕೂರಿಸಿ. ಮೊದಲ ತಟ್ಟೆ ಅವಳಿಗೆ. "ಚಲೋ ಆಗ್ಯಾದ ನೋಡಪಾ" ಅಂದಳೋ, ನಿಮ್ಮ ಚಿತ್ರ ನೂರು ದಿನ ಓಡಿದ ಹಾಗೆ!